ಘಟ್ಟದ ಮೇಲೊಂದು ಉಪ್ಪುನೀರಿನ ಅಕ್ವೇರಿಯಂ

ಮನೆಯಲ್ಲಿ ಕಡಲ ಮೀನು ಸಾಕಬೇಕು ಅಂತ ಆಸೆಪಡುವವರು ಮೊದಲು ಕೇಳುವುದು "ಯಾವ ಮೀನು ತರಲಿ?" ಅಂತ. ಮಲೆನಾಡಿನಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆಯೇ ಇದೆ. ಆಷಾಢದ ಗಾಳಿಗೆ ಲೈನಿನ ಮೇಲೆ ಮರ ಬಿದ್ದು ಎರಡು ದಿನ ಕರೆಂಟ್ ಬರದಿದ್ದರೆ ಏನು ಮಾಡುತ್ತೀರಿ? ಇದಕ್ಕೆ ಉತ್ತರ ಇದ್ದರೆ ಉಳಿದದ್ದನ್ನು ಕಲಿಯಬಹುದು. ಇಲ್ಲದಿದ್ದರೆ ಮೀನು ತರಬೇಡಿ.

ನಮ್ಮ ಕಡೆ ಟ್ಯಾಂಕ್ ಹಾಳಾಗುವುದು ಹೆಚ್ಚಾಗಿ ಮೂರು ಕಾರಣಕ್ಕೆ: ಕರೆಂಟ್, ತಾಮ್ರ, ಥಂಡಿ. ಬೆಂಗಳೂರಿನವರಿಗೋ ಮುಂಬೈಯವರಿಗೋ ಬರೆದ ಸಲಹೆಗಳಲ್ಲಿ ಇವು ಮೂರೂ ಅಷ್ಟಾಗಿ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಅವಕ್ಕೇ ಜಾಸ್ತಿ ಜಾಗ.

ಟ್ಯಾಂಕ್ ಮತ್ತು ಅದನ್ನಿಡುವ ಜಾಗ

ಚಿಕ್ಕ ಟ್ಯಾಂಕ್ ಸುಲಭ ಅನ್ನುವುದು ತಪ್ಪು ತಿಳಿವಳಿಕೆ. ನೀರು ಕಡಿಮೆ ಇದ್ದಷ್ಟೂ ಉಪ್ಪು, ಬಿಸಿ, ಕೊಳೆ ಎಲ್ಲವೂ ಬೇಗ ಏರುಪೇರಾಗುತ್ತವೆ. ಹೊಸಬರಿಗೆ ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಒಳ್ಳೆಯದು. ಮರಳು, ಕಲ್ಲು ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ ಸುಮಾರು 150 ಲೀಟರ್ ನೀರು ಹಿಡಿಯುತ್ತದೆ. ಮುಂದಿನ ಲೆಕ್ಕವೆಲ್ಲ ಈ ಟ್ಯಾಂಕಿನದ್ದೇ.

ಗಾಜು, ನೀರು, ಕಲ್ಲು, ಮರಳು ಸೇರಿ ಇದರ ತೂಕ ಕಾಲು ಟನ್ ಹತ್ತಿರ ಬರುತ್ತದೆ. ಹಳೆಯ ಮನೆಯ ಮರದ ಉಪ್ಪರಿಗೆ ಮೇಲೆ ಇಡುವ ಯೋಚನೆ ಬಿಟ್ಟುಬಿಡಿ. ನೆಲಮಹಡಿಯ ಗಟ್ಟಿ ನೆಲವೇ ಆಗಬೇಕು. ಸ್ಟ್ಯಾಂಡ್ ವಿಷಯದಲ್ಲೂ ಅಂಗಡಿಯವರ ಮಾತಿಗಿಂತ ಮೇಸ್ತ್ರಿಯ ಮಾತು ವಾಸಿ. ಕಬ್ಬಿಣದ ಸ್ಟ್ಯಾಂಡಿಗೆ ಉಪ್ಪುನೀರಿನ ಹನಿ ಬಿದ್ದು, ಜೊತೆಗೆ ನಮ್ಮ ಮಳೆಗಾಲವೂ ಸೇರಿದರೆ ತುಕ್ಕು ಬಹಳ ಬೇಗ ಹಿಡಿಯುತ್ತದೆ. ಎರಡು ಇಟ್ಟಿಗೆ ಗೋಡೆ ಎಬ್ಬಿಸಿ ಮೇಲೆ ದಪ್ಪ ಗ್ರಾನೈಟ್ ಹಾಸಿದರೆ ಜನ್ಮಕ್ಕಾಗುತ್ತದೆ. ಮಟ್ಟ ನೋಡಿ, ಗಾಜಿನ ಕೆಳಗೆ ಥರ್ಮೋಕೋಲ್ ಹಾಳೆ ಹಾಸಿ.

ಕಿಟಕಿಯ ಬಿಸಿಲು ನೇರ ಬೀಳಬಾರದು, ಪಾಚಿ ಕಟ್ಟುತ್ತದೆ. ಒಲೆಯ ಹೊಗೆ ಬರುವ ಕಡೆಯೂ ಬೇಡ. ಟ್ಯಾಂಕಿನ ಮೇಲೆ ಸಣ್ಣ ಕಣ್ಣಿನ ಬಲೆಯ ಮುಚ್ಚಳ ಇರಲೇಬೇಕು. ಹೊಸ ಜಾಗಕ್ಕೆ ಹೆದರಿದ ಮೀನು ಹೊರಗೆ ಹಾರುತ್ತದೆ. ಅದೂ ಅಲ್ಲದೆ ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ಮಳೆಹುಳು ಮುಚ್ಚಳವಿಲ್ಲದ ಟ್ಯಾಂಕಿಗೆ ರಾಶಿ ರಾಶಿ ಬಿದ್ದು ಕೊಳೆಯುತ್ತವೆ.

ನೀರು

ನಮ್ಮ ಬಾವಿ ನೀರು, ತುಂಗೆಯ ನೀರು ಸಾಮಾನ್ಯವಾಗಿ ಮೆದು. ಅದು ಅನುಕೂಲವೇ. ಹಾಗಂತ ನೇರ ಸುರಿಯುವ ಹಾಗಿಲ್ಲ. ನಲ್ಲಿಯಲ್ಲಿ ಕ್ಲೋರಿನ್, ಬೋರ್‌ವೆಲ್‌ನಲ್ಲಿ ಕಬ್ಬಿಣ, ತೋಟದ ಪಕ್ಕದ ಬಾವಿಯಲ್ಲಿ ಗೊಬ್ಬರದ ನೈಟ್ರೇಟ್ ಇರಬಹುದು. ಮಳೆನೀರು ಶುದ್ಧ ಅಂತ ಕಾಣುತ್ತದೆ, ಆದರೆ ಹೆಂಚಿನ ಪಾಚಿ, ಹೊಗೆಯ ಮಸಿ ಎಲ್ಲ ತೊಳೆದುಕೊಂಡು ಬರುತ್ತದೆ. ಯಾವ ನೀರಾದರೂ ಆರ್‌ಒ ದಾಟಿ, ಅದರ ನಂತರ ಉಳಿದ ಲವಣಗಳನ್ನು ಹಿಡಿಯುವ ಡಿಐ ರಾಳದ ಕೊಳವೆಯನ್ನೂ ದಾಟಿ ಬರಬೇಕು. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಮಳೆಗಾಲದಲ್ಲಿ ಕೆಂಪು ನೀರು ಬರುವ ಮನೆಯಲ್ಲಿ ಮೊದಲಿನ ಫಿಲ್ಟರ್ ಬೇಗ ಕಟ್ಟುತ್ತದೆ. ಜೂನ್‌ಗೆ ಮುಂಚೆ ಒಂದೆರಡು ಜಾಸ್ತಿ ತಂದಿಡಿ.

ಅಡುಗೆಮನೆಯ ಆರ್‌ಒ ಸಾಲದೇ ಅಂತ ಕೇಳುತ್ತಾರೆ. ಮುಂದೆ ಡಿಐ ಕೊಳವೆ ಜೋಡಿಸಿಕೊಂಡರೆ ಆರಂಭಕ್ಕೆ ಸಾಕಾಗಬಹುದು, ಆದರೆ ಅದರಲ್ಲಿ ಖನಿಜ ಸೇರಿಸುವ ಕಾರ್ಟ್ರಿಡ್ಜ್ ಇದೆಯೇ ನೋಡಿ. ಈಗ ಎಷ್ಟೋ ಮೆಷಿನ್‌ಗಳು "ತಾಮ್ರದ ಗುಣ" ಸೇರಿಸುತ್ತೇವೆ ಅಂತ ಮಾರಾಟವಾಗುತ್ತವೆ. ನಮಗೆ ಅದು ಒಳ್ಳೆಯದೋ ಅಲ್ಲವೋ, ನಿಮ್ಮ ಟ್ಯಾಂಕಿಗಂತೂ ಅದು ವಿಷ.

ತಾಮ್ರದ ಕಥೆ

ಮೀನು ಸ್ವಲ್ಪ ತಾಮ್ರ ತಡೆದುಕೊಳ್ಳುತ್ತದೆ. ಸಿಗಡಿ, ಬಸವನಹುಳು, ಏಡಿ, ಹವಳ ತಡೆಯುವುದಿಲ್ಲ. ಮೀನಿನ ಕಾಯಿಲೆಗೆ ತಾಮ್ರದ ಔಷಧಿ ಹಾಕುವಾಗ ಬೇಕಾಗುವ ಪ್ರಮಾಣವೇ ಲೀಟರಿಗೆ ಸುಮಾರು 0.15ರಿಂದ 0.25 ಮಿಲಿಗ್ರಾಂ. ಬೆನ್ನುಮೂಳೆ ಇಲ್ಲದ ಜೀವಿಗಳು ಅದಕ್ಕಿಂತ ಕಡಿಮೆಗೇ ಸಾಯುತ್ತವೆ.

ಈಗ ಅಡಿಕೆ ತೋಟಕ್ಕೆ ಬನ್ನಿ. ಕೊಳೆ ರೋಗಕ್ಕೆ ಮಳೆ ಹಿಡಿಯುವ ಮುಂಚೆ ಒಮ್ಮೆ, ಮತ್ತೆ 40–45 ದಿನ ಬಿಟ್ಟು ಇನ್ನೊಮ್ಮೆ ಬೋರ್ಡೋ ಹೊಡೆಸುತ್ತೇವಲ್ಲ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತದ ಕಾಲು ಭಾಗ ತಾಮ್ರ. ಅಂದರೆ ಆ ದ್ರಾವಣದ ಒಂದು ಲೀಟರಿನಲ್ಲಿ 2500 ಮಿಲಿಗ್ರಾಂ ತಾಮ್ರ ಇರುತ್ತದೆ. ಅದರ ಬರೀ 10 ಮಿಲಿಲೀಟರ್, ಅಂದರೆ ಎರಡು ಟೀ ಚಮಚದಷ್ಟು, ಬಕೆಟ್ಟಿನ ತಳದಲ್ಲಿ ಉಳಿದು ನಿಮ್ಮ 150 ಲೀಟರಿಗೆ ಸೇರಿದರೆ ಲೀಟರಿಗೆ 0.16 ಮಿಲಿಗ್ರಾಂ ದಾಟುತ್ತದೆ. ಸಾಲದ್ದಕ್ಕೆ ಕಲ್ಲು, ಮರಳು ಅದನ್ನು ಹೀರಿಕೊಂಡು ಆಮೇಲೆ ನಿಧಾನವಾಗಿ ಬಿಡುತ್ತಿರುತ್ತವೆ. ನೀರು ಬದಲಿಸಿದೆ, ಮುಗಿಯಿತು ಅನ್ನುವ ಹಾಗಿಲ್ಲ.

ಹಾಗಾಗಿ ಅಕ್ವೇರಿಯಂಗೆ ಬೇರೆಯೇ ಬಣ್ಣದ ಬಕೆಟ್, ಡ್ರಮ್, ಪೈಪ್, ಮಗ್ ಇಡಿ. ಅದರ ಮೇಲೆ ದೊಡ್ಡದಾಗಿ ಬರೆಯಿರಿ. ತೋಟದ ಕೆಲಸದವರಿಗೂ ಮನೆಯವರಿಗೂ ಹೇಳಿಡಿ. ಔಷಧಿ ಹೊಡೆಸಿದ ದಿನ ಆ ಕೈಯನ್ನು ಟ್ಯಾಂಕಿಗೆ ಹಾಕಬೇಡಿ. ಆ ದಿನಗಳಲ್ಲಿ ಮಾಡಿನ ನೀರು ಹಿಡಿಯಬೇಡಿ. ಥಂಡಿಗೆ ಟ್ಯಾಂಕಿನ ನೀರು ಬಿಸಿ ಮಾಡೋಣ ಅಂತ ಬಚ್ಚಲ ಮನೆಯ ತಾಮ್ರದ ಹಂಡೆಯಲ್ಲಿ ಕಾಯಿಸಿದ ನೀರು ಸುರಿಯುವುದಂತೂ ಬೇಡವೇ ಬೇಡ. ಒಂದು ತಾಮ್ರದ ಟೆಸ್ಟ್ ಕಿಟ್ ಮನೆಯಲ್ಲಿದ್ದರೆ ಅನುಮಾನ ಬಂದಾಗ ನೋಡಬಹುದು.

ಸೊಳ್ಳೆ ಔಷಧಿಯೂ ಇದೇ ಜಾತಿಗೆ ಸೇರಿದ್ದು. ಸ್ಪ್ರೇ, ಕಾಯಿಲ್, ಪ್ಲಗ್‌ಗೆ ಹಾಕುವ ದ್ರವ ಇವುಗಳಲ್ಲಿ ಇರುವ ಪೈರೆಥ್ರಾಯಿಡ್‌ಗಳು ಸಿಗಡಿಗೂ ಮೀನಿಗೂ ಬಹಳ ಅಪಾಯ. ಟ್ಯಾಂಕಿನ ಪಂಪ್‌ಗಳು ಕೋಣೆಯ ಗಾಳಿಯನ್ನೇ ನೀರಿಗೆ ಎಳೆದುಕೊಳ್ಳುತ್ತವೆ. ಆ ಕೋಣೆಗೆ ಸೊಳ್ಳೆ ಪರದೆಯೇ ಗತಿ.

ಉಪ್ಪು

"ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಕಡಲ ನೀರಿನಿಂದಲೇ ಉಪ್ಪು ಮಾಡ್ತಾರೆ. ಅದನ್ನೇ ತಿರುಗಿ ನೀರಿಗೆ ಹಾಕಿದರೆ ಕಡಲ ನೀರು ಆಗುತ್ತದಲ್ವಾ?" ಆಗುವುದಿಲ್ಲ. ಉಪ್ಪಿನ ಗದ್ದೆಯಲ್ಲಿ ನೀರು ಆರುತ್ತಾ ಬಂದಂತೆ ಸುಣ್ಣದ ಅಂಶ ಮೊದಲೇ ಕೆಳಗಿಳಿಯುತ್ತದೆ. ಆಮೇಲೆ ಅಡುಗೆ ಉಪ್ಪು ಹರಳುಗಟ್ಟುತ್ತದೆ. ಮೆಗ್ನೀಸಿಯಂ ಉಳಿದ ಕಹಿ ನೀರಿನಲ್ಲೇ ಹೊರಟುಹೋಗುತ್ತದೆ. ನಮ್ಮ ಕೈಗೆ ಬರುವುದು ಹೆಚ್ಚುಕಡಿಮೆ ಬರೀ ಸೋಡಿಯಂ ಕ್ಲೋರೈಡ್. ಸಾರಿಗೆ ಸರಿ, ಟ್ಯಾಂಕಿಗೆ ಸಾಲದು.

ಮರವಂತೆಯಿಂದಲೋ ಮಲ್ಪೆಯಿಂದಲೋ ಕ್ಯಾನ್‌ಗಳಲ್ಲಿ ಕಡಲ ನೀರನ್ನೇ ಘಟ್ಟ ಹತ್ತಿಸುವವರೂ ಇದ್ದಾರೆ. ನನಗೆ ಇದು ಇಷ್ಟವಿಲ್ಲ. ಬಂದರಿನ ಹತ್ತಿರ ಡೀಸೆಲ್, ಮಳೆಗಾಲದಲ್ಲಿ ನದಿ ನೀರು ಸೇರಿ ಉಪ್ಪು ಇಳಿದಿರುತ್ತದೆ, ಜೊತೆಗೆ ಯಾವ ರೋಗಾಣು ಬಂತು ಅಂತ ಗೊತ್ತಾಗುವುದಿಲ್ಲ. ಸುಮ್ನೆ ಅಕ್ವೇರಿಯಂಗೆಂದೇ ಮಾಡಿದ ಸಮುದ್ರ ಉಪ್ಪಿನ ಮಿಶ್ರಣ ಕೊಳ್ಳಿ.

ಲೀಟರಿಗೆ 35ರಿಂದ 38 ಗ್ರಾಂ ಬೇಕು. ಮೊದಲ ಸಲಕ್ಕೆ ಐದೂವರೆ ಕಿಲೋ, ಆಮೇಲೆ ವಾರಕ್ಕೆ 15 ಲೀಟರ್ ಬದಲಿಸಿದರೆ ತಿಂಗಳಿಗೆ ಎರಡು ಕಿಲೋಗಿಂತ ಸ್ವಲ್ಪ ಜಾಸ್ತಿ. ನೀರಿಗೆ ಉಪ್ಪನ್ನು ನಿಧಾನವಾಗಿ ಹಾಕಬೇಕು, ಉಪ್ಪಿನ ಮೇಲೆ ನೀರು ಸುರಿಯಬಾರದು. ಹಾಗೆ ಸುರಿದರೆ ಕ್ಯಾಲ್ಸಿಯಂ ಬಿಳಿ ಪುಡಿಯಾಗಿ ಕೆಳಗೆ ಕೂತುಬಿಡುತ್ತದೆ. ಒಂದು ಸಣ್ಣ ಪಂಪ್ ಹಾಕಿ ರಾತ್ರಿಯಿಡೀ ತಿರುಗಲು ಬಿಡಿ. ಮರುದಿನ ಉಪ್ಪಿನ ಪ್ರಮಾಣ ತೋರಿಸುವ ರಿಫ್ರಾಕ್ಟೋಮೀಟರಿನಲ್ಲಿ ಅಳೆಯಿರಿ. 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ ಉಪ್ಪು) ಅಥವಾ ಸಾಪೇಕ್ಷ ಸಾಂದ್ರತೆ 1.025ರಿಂದ 1.026 ಬಂದರೆ ಸರಿ. ಆ ಮೀಟರನ್ನೂ ತಿಂಗಳಿಗೊಮ್ಮೆ 35 ಪಿಪಿಟಿಯ ದ್ರಾವಣದಿಂದ ಸರಿಪಡಿಸಿಕೊಳ್ಳಿ. ಮುಳ್ಳಿನ ಅಗ್ಗದ ಹೈಡ್ರೋಮೀಟರ್ ನಂಬುವ ಹಾಗಿಲ್ಲ.

ಈ ಮಿಶ್ರಣದಲ್ಲಿರುವ ಮೆಗ್ನೀಸಿಯಂ ಕ್ಲೋರೈಡ್ ಗಾಳಿಯ ತೇವ ಹೀರುತ್ತದೆ. ಜುಲೈ ತಿಂಗಳಲ್ಲಿ ಚೀಲದ ಬಾಯಿ ತೆರೆದಿಟ್ಟರೆ ಉಪ್ಪು ಗಟ್ಟಿ ಹೆಂಟೆಯಾಗುತ್ತದೆ, ತೂಕದ ಲೆಕ್ಕವೂ ತಪ್ಪುತ್ತದೆ. ಗಾಳಿಯಾಡದ ಮುಚ್ಚಳದ ಡ್ರಮ್ಮಿಗೆ ಹಾಕಿ, ಮೊದಲು ಇಡೀ ಚೀಲವನ್ನು ಒಮ್ಮೆ ಕಲಸಿ.

ಯಂತ್ರಗಳು, ಕರೆಂಟ್

ನೀರು ಓಡಾಡುತ್ತಲೇ ಇರಬೇಕು. ಅದಕ್ಕೆ ಎರಡು ವೇವ್‌ಮೇಕರ್ (ಟ್ಯಾಂಕಿನೊಳಗೆ ನೀರು ತಳ್ಳುವ ಪಂಪ್) ಎದುರುಬದುರು ಇಡಿ. ಗಂಟೆಗೆ ಟ್ಯಾಂಕಿನ ನೀರಿನ ಇಪ್ಪತ್ತು ಪಟ್ಟು, ಅಂದರೆ 3000 ಲೀಟರ್ ಆದರೂ ತಿರುಗಬೇಕು. ಪ್ರೋಟೀನ್ ಸ್ಕಿಮ್ಮರ್ ಸಣ್ಣ ಸಣ್ಣ ಗುಳ್ಳೆ ಎಬ್ಬಿಸಿ, ನೀರಿನ ಕೊಳೆಯನ್ನು ನೊರೆಯಾಗಿ ಮೇಲಿನ ಬಟ್ಟಲಿಗೆ ಹಾಕುತ್ತದೆ. ದುಡ್ಡು ಉಳಿಸುವುದಾದರೆ ದೀಪದಲ್ಲಿ ಉಳಿಸಿ, ಸ್ಕಿಮ್ಮರಿನಲ್ಲಿ ಬೇಡ. ಬರೀ ಮೀನು ಸಾಕುವವರಿಗೆ ಸಾಧಾರಣ ಎಲ್‌ಇಡಿ, ದಿನಕ್ಕೆ ಎಂಟು ಗಂಟೆ, ಸಾಕು. ಕೆಳಗೆ ಸಂಪ್, ಅಂದರೆ ಸ್ಕಿಮ್ಮರ್, ಹೀಟರ್ ಇಡುವ ಇನ್ನೊಂದು ತೊಟ್ಟಿ, ಇದ್ದರೆ ಅನುಕೂಲ, ಕಡ್ಡಾಯವಲ್ಲ. ಸಂಪ್ ಇಟ್ಟರೆ ಮೊದಲ ದಿನವೇ ಬೇಕಂತಲೇ ಮೇನ್ ಆಫ್ ಮಾಡಿ ನೋಡಿ. ಮೇಲಿನ ನೀರು ಇಳಿದು ಸಂಪ್ ತುಂಬಿ ಹರಿಯಬಾರದು.

ಹೀಟರ್ ಬೇಕೇ? ತೀರ್ಥಹಳ್ಳಿ, ಹೊಸನಗರ, ಆಗುಂಬೆ ಕಡೆ ಬೇಕೇ ಬೇಕು. ಮಳೆಗಾಲ, ಚಳಿಗಾಲ ಎರಡರಲ್ಲೂ ನೀರು 24 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ನಮಗೆ ಬೇಕಾದ್ದು 24ರಿಂದ 27. ಒಂದು 200 ವಾಟಿನದ್ದಕ್ಕಿಂತ ಎರಡು 100 ವಾಟಿನದ್ದು ಒಳ್ಳೆಯದು. ಒಂದರ ಥರ್ಮೋಸ್ಟಾಟ್ ಆನ್ ಆಗಿಯೇ ಸಿಕ್ಕಿಹಾಕಿಕೊಂಡರೂ ಮೀನು ಬೇಯುವುದಿಲ್ಲ. ಶಿವಮೊಗ್ಗ ಪೇಟೆಯವರಿಗೆ ತೊಂದರೆ ಉಲ್ಟಾ. ಏಪ್ರಿಲ್‌ನಲ್ಲಿ 35 ದಾಟುವ ಬಿಸಿಲಿಗೆ ನೀರೂ ಬಿಸಿಯೇರುತ್ತದೆ. ನೀರಿನ ಮೇಲ್ಮೈಗೆ ಒಂದು ಸಣ್ಣ ಫ್ಯಾನ್ ತಿರುಗಿಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. ಅದಕ್ಕೂ ಬಗ್ಗದಿದ್ದರೆ ಮಾತ್ರ ನೀರು ತಣಿಸುವ ಚಿಲ್ಲರ್ ಯಂತ್ರ.

ಇನ್ನು ಕರೆಂಟ್ ಹೋದಾಗ. ಮೊದಲು ಮುಗಿಯುವುದು ಆಮ್ಲಜನಕ. ಬಿಸಿ ಇಳಿಯಲು ಹೊತ್ತು ಬೇಕು, ಬೆಳಕಿಲ್ಲದೆ ದಿನಗಟ್ಟಲೆ ಇರಬಹುದು, ಊಟವಿಲ್ಲದೆಯೂ ಇರಬಹುದು. ಆದರೆ ನೀರು ಅಲ್ಲಾಡದೆ ಮೀನು ತುಂಬಿದ ಟ್ಯಾಂಕ್ ಕೆಲವೇ ಗಂಟೆ ತಡೆಯುತ್ತದೆ. ಆದ್ದರಿಂದ ಇನ್ವರ್ಟರಿಗೆ ಒಂದು ವೇವ್‌ಮೇಕರ್ ಮಾತ್ರ ಕೊಡಿ. ಹೀಟರ್, ದೀಪ ಕೊಡಬೇಡಿ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್‌ಅವರ್ ಇರುತ್ತದೆ. ಅರ್ಧ ಮಾತ್ರ ಕೈಗೆ ಸಿಕ್ಕಿತು ಅಂದುಕೊಂಡರೂ 10 ವಾಟಿನ ವೇವ್‌ಮೇಕರ್ ಎರಡು ದಿನ ದಾಟುವ ಲೆಕ್ಕ. ಇನ್ವರ್ಟರ್ ತಾನೇ ಒಂದಷ್ಟು ತಿನ್ನುತ್ತದೆ, ಅದನ್ನು ಕಳೆಯಿರಿ. ಅದೇ ಇನ್ವರ್ಟರಿಗೆ ಟಿವಿ, ಫ್ಯಾನ್ ಸೇರಿಸಿದರೆ ಲೆಕ್ಕ ಕೆಟ್ಟಿತು. ಕೊಳ್ಳುವಾಗ ಸೈನ್‌ವೇವ್ ಇನ್ವರ್ಟರನ್ನೇ ಕೊಳ್ಳಿ. ಸ್ಕ್ವೇರ್‌ವೇವ್‌ನಲ್ಲಿ ಎಸಿ ಪಂಪ್‌ಗಳು ಗುಂಯ್ ಅಂದು ಬಿಸಿಯಾಗುತ್ತವೆ.

ಇನ್ವರ್ಟರಿನ ಮೇಲೂ ಪೂರ್ತಿ ಭಾರ ಹಾಕಬೇಡಿ. ಸೆಲ್ ಹಾಕುವ ಏರ್ ಪಂಪ್ ಒಂದು, ಸೆಲ್‌ಗಳ ಪ್ಯಾಕೆಟ್ ಒಂದು ಟ್ಯಾಂಕಿನ ಪಕ್ಕವೇ ಇರಲಿ. ಅದೂ ನಿಂತರೆ ಚೆಂಬಿನಲ್ಲಿ, ತಾಮ್ರದ್ದಲ್ಲ, ನೀರು ಮೊಗೆದು ಎತ್ತರದಿಂದ ಸುರಿಯುತ್ತಿರಿ. ಕರೆಂಟ್ ಇಲ್ಲದಾಗ ಊಟ ಹಾಕಬೇಡಿ. ಕ್ಯಾನಿಸ್ಟರ್ ಫಿಲ್ಟರ್ (ಮುಚ್ಚಿದ ಡಬ್ಬಿಯ ಫಿಲ್ಟರ್) ಗಂಟೆಗಟ್ಟಲೆ ನಿಂತಿದ್ದರೆ ಒಳಗಿನ ನೀರು ಕೊಳೆತಿರುತ್ತದೆ. ಕರೆಂಟ್ ಬಂದ ಖುಷಿಯಲ್ಲಿ ಹಾಗೇ ಆನ್ ಮಾಡದೆ, ಆ ನೀರು ಚೆಲ್ಲಿ ತೊಳೆದು ಆಮೇಲೆ ಹಾಕಿ.

ಉಪ್ಪುನೀರು, ಕರೆಂಟ್, ಒದ್ದೆ ಗೋಡೆ ಮೂರೂ ಒಂದೆಡೆ ಸೇರುವ ಜಾಗ ಇದು. ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿನ ಆರ್‌ಸಿಸಿಬಿ ಹಾಕಿಸಿ, ಅರ್ಥಿಂಗ್ ಸರಿಯಿದೆಯೇ ನೋಡಿಸಿ. ಪ್ರತಿ ವೈರೂ ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಬೇಕು. ಆಗ ಹನಿ ಕೆಳಗೆ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ. ಕೈ ಹಾಕುವ ಮುಂಚೆ ಹೀಟರ್ ಆಫ್ ಮಾಡುವುದನ್ನು ರೂಢಿ ಮಾಡಿಕೊಳ್ಳಿ.

ಕಲ್ಲು, ಮರಳು, ಕಾಯುವ ತಿಂಗಳು

ತೂತು ತೂತಾದ ಒಣ ಅಕ್ವೇರಿಯಂ ಕಲ್ಲು ಅಥವಾ ಸೆರಾಮಿಕ್ ಕಲ್ಲು 15ರಿಂದ 20 ಕಿಲೋ, ತಳಕ್ಕೆ ಅರಗೊನೈಟ್ (ಸುಣ್ಣದ ಅಂಶದ) ಮರಳು ಒಂದು ಇಂಚು. ಹೊಳೆಯ ಮರಳು ಬೇಡ. ಕಲ್ಲನ್ನು ಗಾಜಿನ ತಳದ ಮೇಲೇ ಕೂರಿಸಿ ಆಮೇಲೆ ಮರಳು ಹಾಕಿ. ಇಲ್ಲದಿದ್ದರೆ ಬಿಲ ತೋಡುವ ಮೀನು ಅಡಿಪಾಯ ಸಡಿಲ ಮಾಡುತ್ತದೆ.

ಈಗ ಬ್ಯಾಕ್ಟೀರಿಯಾ ಬೆಳೆಸಬೇಕು. ಮೀನಿನ ಗಲೀಜಿನಿಂದ ಬರುವ ಅಮೋನಿಯಾವನ್ನು ಒಂದು ಗುಂಪು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಗುಂಪು ಅದನ್ನು ನೈಟ್ರೇಟ್ ಮಾಡುತ್ತದೆ. ಇದಕ್ಕೆ ನಾಲ್ಕರಿಂದ ಆರು ವಾರ. ಬಾಟಲಿ ಬ್ಯಾಕ್ಟೀರಿಯಾ ಹಾಕಿದರೆ ಬೇಗ ಆಗಬಹುದು. ಒಂದು ತುಂಡು ಸಿಗಡಿ ಹಾಕಿ ಕೊಳೆಯಲು ಬಿಡುವುದು ಹಳೆಯ ಪದ್ಧತಿ. ಮನೆಯಲ್ಲಿ ಅದು ನಡೆಯದಿದ್ದರೆ ಅಮೋನಿಯಂ ಕ್ಲೋರೈಡ್ ಹಾಕಿ. 150 ಲೀಟರಿಗೆ ಒಂದು ಗ್ರಾಂ ಹಾಕಿದರೆ ಸುಮಾರು 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಅಮೋನಿಯಾ ಬರುತ್ತದೆ. ಪಾತ್ರೆಗೆ ಕಲಾಯಿ ಹಾಕುವವರ ನವಸಾಗರವೂ ಇದೇ ವಸ್ತು, ಆದರೆ ಅದರಲ್ಲಿ ಬೇರೇನು ಬೆರೆತಿದೆ ಅಂತ ಗೊತ್ತಿರುವುದಿಲ್ಲ. ಲ್ಯಾಬಿನ ದರ್ಜೆಯದ್ದನ್ನೇ ತನ್ನಿ. 2 ಪಿಪಿಎಂ ಹಾಕಿದ ಮರುದಿನ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದರೆ ಟ್ಯಾಂಕ್ ತಯಾರು.

ನಡುವೆ ಕಂದು ಪಾಚಿ, ಆಮೇಲೆ ಹಸಿರು ಪಾಚಿ ಬಂದು ಟ್ಯಾಂಕ್ ಅಸಹ್ಯವಾಗಿ ಕಾಣುತ್ತದೆ. ಬಂದ ನೆಂಟರೆಲ್ಲ ಒಂದೊಂದು ಸಲಹೆ ಕೊಡುತ್ತಾರೆ. ಏನೂ ಔಷಧಿ ಹಾಕಬೇಡಿ. ಎಷ್ಟೋ ಪಾಚಿ ಔಷಧಿಗಳಲ್ಲಿರುವುದೂ ತಾಮ್ರವೇ.

ಮೀನು

ಮೊದಲ ಮೀನು ಕ್ಲೌನ್‌ಫಿಶ್ ಜೋಡಿ ಆಗಲಿ. ಸಾಕಣೆಯಲ್ಲೇ ಹುಟ್ಟಿದ್ದನ್ನು ಕೇಳಿ ತನ್ನಿ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ನಮ್ಮ ದೇಶದಲ್ಲೇ ಇವುಗಳ ಮರಿ ಮಾಡಿಸುವ ವಿಧಾನ ಬೆಳೆಸಿದೆ. ಕ್ಲೌನ್‌ಫಿಶ್‌ಗಳೆಲ್ಲ ಮೊದಲು ಗಂಡೇ ಆಗಿರುತ್ತವೆ, ಜೋರಾದದ್ದು ಹೆಣ್ಣಾಗುತ್ತದೆ. ಹಾಗಾಗಿ ಒಂದು ಚಿಕ್ಕದು, ಒಂದು ಸ್ವಲ್ಪ ದೊಡ್ಡದು ತಂದರೆ ತಾವೇ ಜೋಡಿಯಾಗುತ್ತವೆ. ಆಮೇಲೆ ಒಂದು ಗೋಬಿ ಮೀನು, ಒಂದು ಫೈರ್‌ಫಿಶ್. ಒಟ್ಟು ನಾಲ್ಕೈದು ಸಣ್ಣ ಮೀನು, ಒಂದರ ನಂತರ ಒಂದು ಎರಡು ಮೂರು ವಾರ ಬಿಟ್ಟು. ಸಿನಿಮಾ ನೋಡಿ ಮಕ್ಕಳು ಕೇಳುವ ನೀಲಿ ಟ್ಯಾಂಗ್ ಒಂದು ಅಡಿವರೆಗೆ ಬೆಳೆಯುತ್ತದೆ, ಮೂರಡಿ ಟ್ಯಾಂಕಿಗೆ ಅಲ್ಲ. ಮ್ಯಾಂಡರಿನ್ ಮೀನು ಜೀವಂತ ಸೂಕ್ಷ್ಮ ಹುಳುಗಳನ್ನೇ ಹುಡುಕಿ ತಿನ್ನುತ್ತದೆ, ಹೊಸ ಟ್ಯಾಂಕಿನಲ್ಲಿ ಹಸಿದು ಸಾಯುತ್ತದೆ.

ಕಡಲ ಕುದುರೆಯನ್ನೂ, ನಮ್ಮ ಕಡಲಿನ ಗಟ್ಟಿ ಹವಳವನ್ನೂ ಯಾರಾದರೂ ಮಾರಲು ಬಂದರೆ ಬೇಡ ಅನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಗೆ ಇವು 2001ರಲ್ಲಿ ಸೇರಿದವು. ಹುಲಿ ಇರುವ ಪಟ್ಟಿ ಅದು. ಮುರ್ಡೇಶ್ವರದ ಆಚೆ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದವರು ಹವಳದ ಚೂರು ತರುವುದೂ ಬೇಡ.

ಮೀನು ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದರೆ ಗಂಟೆಗಟ್ಟಲೆ ಚೀಲದಲ್ಲಿರುತ್ತದೆ. ಚೀಲದೊಳಗೆ ಇಂಗಾಲದ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ. ಅದರಿಂದಲೇ ಅಲ್ಲಿನ ಅಮೋನಿಯಾ ಅಷ್ಟು ವಿಷವಾಗಿರುವುದಿಲ್ಲ. ಚೀಲ ಬಿಚ್ಚಿದ ಕೂಡಲೇ ಪಿಎಚ್ ಏರುತ್ತದೆ, ಅಮೋನಿಯಾ ವಿಷವಾಗುತ್ತದೆ. ಆದ್ದರಿಂದ ದೂರದಿಂದ ಬಂದ ಮೀನನ್ನು ಹನಿ ಹನಿ ನೀರು ಬಿಡುತ್ತಾ ಎರಡು ಗಂಟೆ ಕೂರಿಸಬೇಡಿ. ಅಂಗಡಿಯವರ ನೀರಿನ ಉಪ್ಪು ಎಷ್ಟು ಅಂತ ಮೊದಲೇ ಕೇಳಿಕೊಂಡು, ಹೊಸ ಮೀನಿಗೆಂದೇ ಇಟ್ಟ ಒಂದು ಪ್ರತ್ಯೇಕ ಟ್ಯಾಂಕನ್ನು ಅಷ್ಟಕ್ಕೇ ಹೊಂದಿಸಿಡಿ. ಮುಚ್ಚಿದ ಚೀಲವನ್ನು ಇಪ್ಪತ್ತು ನಿಮಿಷ ತೇಲಿಬಿಟ್ಟು, ಬಿಚ್ಚಿದ ತಕ್ಷಣ ಮೀನನ್ನು ಮಾತ್ರ ದಾಟಿಸಿ. ಚೀಲದ ನೀರು ಚೆಲ್ಲಿ. ಆ ಪ್ರತ್ಯೇಕ ಟ್ಯಾಂಕಿನಲ್ಲಿ ನಾಲ್ಕು ವಾರ ಇಟ್ಟು, ಉಪ್ಪನ್ನು ನಿಧಾನವಾಗಿ 35ಕ್ಕೆ ಏರಿಸಿ. ಬಿಳಿ ಚುಕ್ಕೆ ರೋಗ ಕಂಡರೆ ತಾಮ್ರದ ಔಷಧಿ ಅಲ್ಲೇ, ದೊಡ್ಡ ಟ್ಯಾಂಕಿಗೆ ಎಂದೂ ಇಲ್ಲ.

ದಿನದ ಕೆಲಸ, ವಾರದ ಕೆಲಸ

ಬೆಳಿಗ್ಗೆ ಮೀನು ಎಣಿಸಿ, ಥರ್ಮಾಮೀಟರ್ ನೋಡಿ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ ಊಟ. ಆರಿದ ನೀರಿನ ಜಾಗಕ್ಕೆ ಆರ್‌ಒ, ಡಿಐ ದಾಟಿದ ಸಿಹಿನೀರು ತುಂಬಿ, ಉಪ್ಪುನೀರಲ್ಲ. ಉಪ್ಪು ಆರುವುದಿಲ್ಲ. ಬೇಸಿಗೆಯಲ್ಲಿ ಫ್ಯಾನ್ ಇದ್ದರೆ ದಿನಕ್ಕೆ ಮೂರು ಲೀಟರ್ ಆರುವುದುಂಟು. ಒಂದು ದಿನ ಮರೆತರೆ 35 ಇದ್ದದ್ದು 35.7 ಆಗುತ್ತದೆ, ಒಂದು ವಾರ ಮರೆತರೆ 40 ದಾಟುತ್ತದೆ. ಮಳೆಗಾಲದಲ್ಲಿ ಆರುವುದೇ ಕಮ್ಮಿ. ಬೇಸಿಗೆಯ ರೂಢಿಯಲ್ಲಿ ಅಷ್ಟೇ ಸುರಿದರೆ ಉಪ್ಪು ಇಳಿಯುತ್ತದೆ. ಗಾಜಿಗೆ ಗೆರೆ ಎಳೆದಿಟ್ಟು ಅಲ್ಲಿಯವರೆಗೆ ಮಾತ್ರ ತುಂಬಿ.

ವಾರಕ್ಕೊಮ್ಮೆ 15 ಲೀಟರ್ ಬದಲಿಸಿ, ಗಾಜು ಒರೆಸಿ, ಸ್ಕಿಮ್ಮರಿನ ಬಟ್ಟಲು ತೊಳೆಯಿರಿ. ನೈಟ್ರೇಟ್ 20 ಪಿಪಿಎಂ ಒಳಗೆ, ಕೆಎಚ್ (ಪಿಎಚ್ ಏರುಪೇರಾಗದಂತೆ ತಡೆಯುವ ಕ್ಷಾರತೆ) 7ರಿಂದ 11ರ ನಡುವೆ, ಪಿಎಚ್ 8.0ರಿಂದ 8.4 ಇರಲಿ. ಕಿಟಕಿ ಮುಚ್ಚಿ ಕೂರುವ ಮಳೆಗಾಲದಲ್ಲಿ ಪಿಎಚ್ 7.8ಕ್ಕೆ ಇಳಿದರೆ ಔಷಧಿ ಹುಡುಕಬೇಡಿ. ಮನೆಯೊಳಗಿನ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿದೆ ಅಂತ ಅರ್ಥ. ಕಿಟಕಿ ತೆಗೆಯಿರಿ, ಅಥವಾ ಸ್ಕಿಮ್ಮರಿನ ಗಾಳಿಯ ಪೈಪನ್ನು ಹೊರಗಿನಿಂದ ಎಳೆಯಿರಿ. ಹೊರಗೆ ತೋಟಕ್ಕೆ ಔಷಧಿ ಹೊಡೆಯುವ ದಿನ ಮಾತ್ರ ಒಳಗೆಳೆದುಕೊಳ್ಳಿ.

ತೆಗೆದ 15 ಲೀಟರಿನಲ್ಲಿ ಅರ್ಧ ಕಿಲೋ ಉಪ್ಪಿರುತ್ತದೆ. ಅಡಿಕೆ ಬುಡಕ್ಕೋ ಹೂವಿನ ಗಿಡಕ್ಕೋ ಹಳ್ಳಕ್ಕೋ ಚೆಲ್ಲಬೇಡಿ, ಬಚ್ಚಲಿಗೆ ಬಿಡಿ. ಆರ್‌ಒ ಹೊರಹಾಕುವ ನೀರು ಬೇರೆ, ಅದು ಗಿಡಕ್ಕೆ ಧಾರಾಳವಾಗಿ ಆಗುತ್ತದೆ. ಎರಡು ಮೂರು ತಿಂಗಳಿಗೊಮ್ಮೆ ಪಂಪ್‌ಗಳನ್ನು ಬಿಚ್ಚಿ, ನೀರು ಬೆರೆಸಿದ ವಿನೆಗರಿನಲ್ಲಿ ನೆನೆಸಿ ಉಜ್ಜಿದರೆ ಸುಣ್ಣ ಬಿಡುತ್ತದೆ.

ಮದುವೆ ಮನೆಗೋ ಪ್ರವಾಸಕ್ಕೋ ಹೋಗುವಾಗ ಪಕ್ಕದ ಮನೆಯವರಿಗೆ ಊಟದ ಡಬ್ಬಿ ಕೊಟ್ಟು ಹೋಗಬೇಡಿ. ಪ್ರೀತಿ ಜಾಸ್ತಿಯಾಗಿ ಒಂದು ಮುಷ್ಟಿ ಹಾಕುತ್ತಾರೆ. ದಿನಕ್ಕೊಂದರಂತೆ ಪೊಟ್ಟಣ ಕಟ್ಟಿ, ದಿನಾಂಕ ಬರೆದಿಡಿ. ಸಿಹಿನೀರಿನ ಕ್ಯಾನ್ ಪಕ್ಕದಲ್ಲಿಟ್ಟು ಗೆರೆ ತೋರಿಸಿ. ಕರೆಂಟ್ ಹೋದರೆ ಯಾವ ಸ್ವಿಚ್ಚು, ಸೆಲ್ ಪಂಪ್ ಎಲ್ಲಿದೆ ಅಂತ ಅವರ ಕೈಯಿಂದಲೇ ಒಮ್ಮೆ ಮಾಡಿಸಿ ನೋಡಿ. ನೀರು ಬದಲಿಸುವ ಕೆಲಸ ಅವರಿಗೆ ಹೇಳಬೇಡಿ, ಒಂದು ವಾರ ತಪ್ಪಿದರೆ ಏನೂ ಆಗುವುದಿಲ್ಲ.